ಮೊದಲ ಪುಟ ಮಗುವಿನದು: ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಮಗ್ರ ಮಾರ್ಗದರ್ಶಿ

ನನ್ನ ತಂಗಿಯ ವಿಚ್ಛೇದನದ ಒಪ್ಪಂದ ಹನ್ನೊಂದು ಪುಟ ಇತ್ತು. ಚಿನ್ನದ ಪಟ್ಟಿಗೇ ಎರಡು ಪುಟ. ಮಗಳ ಬಗ್ಗೆ ಇದ್ದದ್ದು ಒಂದೇ ಸಾಲು: "ತಂದೆಯು ತಿಂಗಳಿಗೆ ಎರಡು ಬಾರಿ ಮಗುವನ್ನು ಭೇಟಿ ಮಾಡಬಹುದು." ಯಾವ ದಿನ? ಎಷ್ಟು ಹೊತ್ತಿಗೆ? ಎಲ್ಲಿ? ಯಾರು ಕರೆದುಕೊಂಡು ಬರಬೇಕು? ಏನೂ ಇರಲಿಲ್ಲ. ತೀರ್ಪು ಬಂದು ಮೂರು ತಿಂಗಳಾಗಿತ್ತು. ಒಂದು ಶನಿವಾರ ಆರು ವರ್ಷದ ಆ ಮಗು ಬ್ಯಾಗು ಹೆಗಲಿಗೇರಿಸಿ, ಅದರಲ್ಲಿ ಅಪ್ಪನಿಗೆ ತೋರಿಸೋಕೆ ಅಂತ ಡ್ರಾಯಿಂಗ್ ಪುಸ್ತಕ ಇಟ್ಟುಕೊಂಡು, ಹನ್ನೊಂದರಿಂದ ಒಂದೂವರೆವರೆಗೆ ಗೇಟಿನ ಹತ್ತಿರ ನಿಂತಿತ್ತು. ಅಪ್ಪ ಅಂದುಕೊಂಡಿದ್ದು ಮುಂದಿನ ಶನಿವಾರ ಅಂತ.

ಗಂಡ ಹೆಂಡತಿ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಜಗಳ ಮುಗಿದು, ಇಬ್ಬರೂ ಸಹಿ ಹಾಕಿದ ಮೇಲೂ ಕೂಸು ಬಡವಾಗಬಹುದು ಅಂತ ನನಗೆ ಆವತ್ತು ಗೊತ್ತಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಬ್ಬರೂ ಒಪ್ಪಿ ಬೇರೆಯಾಗುವಾಗ ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಅಂತ. ಮುಖ್ಯವಾಗಿ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ, ಕರ್ನಾಟಕದಲ್ಲಿ ಇರುವವರಿಗೆ ಇದು. ನಾನು ವಕೀಲಳಲ್ಲ. ಸಹಿ ಹಾಕುವ ಮೊದಲು ನಿಮ್ಮ ಕಾಗದಗಳನ್ನು ಒಬ್ಬ ವಕೀಲರಿಗೆ ಖಂಡಿತ ತೋರಿಸಿ.

ಶುರುಮಾಡುವ ಮುಂಚೆ ಒಂದು ಮಾತು

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಈ ದಾರಿ ನಿಮ್ಮದಲ್ಲ, ಕನಿಷ್ಠ ಈಗಲ್ಲ. ಹೆದರಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. "ಮನೆ ಅತ್ತೆಯ ಹೆಸರಲ್ಲಿದೆ, ನಿನಗೇನೂ ಹಕ್ಕಿಲ್ಲ" ಅಂತ ಹೆದರಿಸಿದರೆ ನಂಬಬೇಡಿ. ಅತ್ತೆ ಮಾವನ ಹೆಸರಿನಲ್ಲಿರುವ ಮನೆಯೂ ಹೆಂಡತಿ ಸಂಸಾರ ಮಾಡಿದ ಮನೆಯಾಗಿದ್ದರೆ ವಾಸದ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೂ ದಾರಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಹೆಜ್ಜೆ 1: ಯಾವ ಕಾನೂನು, ಎಷ್ಟು ಕಾಲ

ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ 13ಬಿ ಕಲಮಿನಡಿ ಅರ್ಜಿ ಹಾಕಬೇಕು. ಕನಿಷ್ಠ ಒಂದು ವರ್ಷದಿಂದ ಇಬ್ಬರೂ ಬೇರೆಯಾಗಿ ಬದುಕುತ್ತಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲ ಅಂದರೆ ಸಾಕು ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬೆಂಗಳೂರಿನ ಬಾಡಿಗೆ ನೋಡಿದರೆ ಎಷ್ಟೋ ಜನರಿಗೆ ಇದು ದೊಡ್ಡ ಸಮಾಧಾನ.

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆಮೇಲೆ, ಹದಿನೆಂಟು ತಿಂಗಳೊಳಗೆ, ಮತ್ತೆ ಇಬ್ಬರೂ ಬಂದು "ನಮ್ಮ ಮನಸ್ಸು ಬದಲಾಗಿಲ್ಲ" ಅಂತ ಹೇಳಬೇಕು. ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು. 2017ರ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಅದಕ್ಕೆ ಷರತ್ತುಗಳಿವೆ: ಅರ್ಜಿಗೆ ಮುಂಚೆಯೇ ಒಟ್ಟು ಹದಿನೆಂಟು ತಿಂಗಳು ಬೇರೆಯಾಗಿರಬೇಕು, ರಾಜಿ ಪ್ರಯತ್ನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ನಿಜವಾಗಿ ಇತ್ಯರ್ಥವಾಗಿರಬೇಕು, ಇನ್ನೂ ಕಾಯುವುದು ಸುಮ್ನೆ ನೋವು ಜಾಸ್ತಿ ಮಾಡುವುದಷ್ಟೇ ಅಂತ ಕೋರ್ಟಿಗೆ ಅನಿಸಬೇಕು. "ಒಂದೇ ವಾರದಲ್ಲಿ ಡಿವೋರ್ಸ್ ಕೊಡಿಸ್ತೀವಿ" ಅನ್ನುವವರಿಂದ ದೂರ ಇರಿ. ಮದುವೆ ಮುರಿದುಬಿದ್ದಿದೆ ಅನ್ನುವ ಒಂದೇ ಕಾರಣಕ್ಕೆ, ಕಾಯುವ ಅವಧಿಯೂ ಇಲ್ಲದೆ, ವಿಚ್ಛೇದನ ಕೊಡಬಹುದು ಅಂತ 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಿಜ. ಆದರೆ ಆ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ, ಕುಟುಂಬ ನ್ಯಾಯಾಲಯಕ್ಕಿಲ್ಲ.

1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾದವರಿಗೆ ಆ ಕಾಯ್ದೆಯ 28ನೇ ಕಲಮಿನಲ್ಲಿ ಹೆಚ್ಚುಕಮ್ಮಿ ಇದೇ ದಾರಿ ಇದೆ. ಕ್ರೈಸ್ತರಿಗೆ ಕಾಯ್ದೆಯಲ್ಲಿ ಎರಡು ವರ್ಷ ಅಂತ ಬರೆದಿದ್ದರೂ ನಮ್ಮ ಹೈಕೋರ್ಟ್ ಅದನ್ನು ಒಂದು ವರ್ಷ ಅಂತ ಓದಬೇಕು ಎಂದಿದೆ. ಮುಸ್ಲಿಮರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರತ್ ಇದೆ. ಕಾನೂನು ಯಾವುದೇ ಇರಲಿ, ಮುಂದಿನ ಹೆಜ್ಜೆ ಎಲ್ಲರಿಗೂ ಒಂದೇ.

ಹೆಜ್ಜೆ 2: ಮಗುವಿನ ಪುಟ ಬರೆಯಿರಿ

ಎಲ್ಲರೂ ದುಡ್ಡಿನಿಂದ ಶುರುಮಾಡುತ್ತಾರೆ. ದುಡ್ಡಿನ ಜಗಳದಲ್ಲಿ ಸುಸ್ತಾದ ಮೇಲೆ ಮಗುವಿಗೆ ಒಂದು ಸಾಲು ಉಳಿಯುತ್ತದೆ. ನೀವು ತಿರುಗಿಸಿ ಮಾಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದ ಮೇಲೆ ಮಗುವಿನ ಹೆಸರು ಬರೆಯಿರಿ. ಇಬ್ಬರೂ ಮಾತಾಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಇಬ್ಬರೂ ಬೇರೆ ಬೇರೆ ಬರೆದು, ಆಮೇಲೆ ಹೋಲಿಸಿ.

ಕಾನೂನು ಏನು ಹೇಳುತ್ತದೆ ಅಂತ ಮೊದಲು ತಿಳಿದಿರಲಿ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಅದರ ಮೇಲಿನ ವಯಸ್ಸಿಗೆ ಅಪ್ಪನಿಗೆ ಹೋಗುತ್ತೆ ಅಂತ ಅರ್ಥ ಅಲ್ಲ. ಎಲ್ಲ ವಯಸ್ಸಿಗೂ ಮಗುವಿನ ಹಿತವೇ ಮೊದಲು ಅಂತ ಅದೇ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಇನ್ನೊಂದು ಮಾತು: ಮಗು ಒಬ್ಬರ ಹತ್ತಿರ ಇದ್ದರೂ ಇನ್ನೊಬ್ಬರ ಒಡನಾಟ ಅದಕ್ಕೆ ಬೇಕೇ ಬೇಕು, ದೂರದಲ್ಲಿದ್ದರೆ ವಿಡಿಯೊ ಕರೆಯಲ್ಲಾದರೂ ಸಿಗಬೇಕು ಅಂತ 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಈಗ ಬರೆಯುವುದು ಹೇಗೆ? "ತಿಂಗಳಿಗೆ ಎರಡು ಬಾರಿ" ಅನ್ನುವ ಜಾಗದಲ್ಲಿ ಹೀಗೆ ಬರೆಯಿರಿ:

"ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ಕ್ಕೆ ತಂದೆಯು, ತಾಯಿಯ ಮನೆಯ ಗೇಟಿನಿಂದ ಮಗುವನ್ನು ಕರೆದೊಯ್ಯುವರು. ಭಾನುವಾರ ಸಂಜೆ 6ಕ್ಕೆ ಅಲ್ಲಿಗೇ ತಂದು ಬಿಡುವರು. ಬರಲು ಆಗದಿದ್ದರೆ ಹಿಂದಿನ ದಿನ ರಾತ್ರಿ 8ರೊಳಗೆ ಸಂದೇಶ ಕಳುಹಿಸುವರು. ತಪ್ಪಿದ ಭೇಟಿಗೆ ಬದಲಾಗಿ ಮುಂದಿನ ವಾರಾಂತ್ಯ ಕೊಡಲಾಗುವುದು. ಮಗುವಿಗೆ ಜ್ವರ ಇದ್ದರೆ ತಂದೆ ಮನೆಗೇ ಬಂದು ಒಂದು ಗಂಟೆ ನೋಡಿ ಹೋಗಬಹುದು."

ಓದೋಕೆ ಅಂಗಡಿ ಲೆಕ್ಕದ ಥರ ಇದೆ, ಅಲ್ವಾ? ಹಾಗೇ ಇರಬೇಕು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ನೋಡೋಕೆ ಆಗದ ದಿನವೂ ಈ ಕಾಗದ ಕೆಲಸ ಮಾಡಬೇಕು. ಮಗುವಿಗೆ ಆ ಶನಿವಾರ ಬರುತ್ತದೆ ಅನ್ನುವ ಭರವಸೆ ಬೇಕು, ಅದಕ್ಕಿಂತ ದೊಡ್ಡದು ಏನೂ ಬೇಡ.

ಇದೇ ರೀತಿ ರಜೆ ಹಂಚಿ. ದಸರಾ ರಜೆಯಲ್ಲಿ ಯಾರ ಹತ್ತಿರ, ಏಪ್ರಿಲ್ ಮೇ ರಜೆಯಲ್ಲಿ ಯಾವ ವಾರಗಳು ಯಾರಿಗೆ. ಯುಗಾದಿ ಒಂದು ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ. ಊರ ಜಾತ್ರೆ, ಹುಟ್ಟುಹಬ್ಬ, ಅಜ್ಜ ಅಜ್ಜಿಯ ಭೇಟಿ. ಅಜ್ಜಿಯರನ್ನು ಒಪ್ಪಂದದಲ್ಲಿ ಬರೆಯುವವರು ಬಹಳ ಕಮ್ಮಿ. ಆದರೆ ಎಷ್ಟೋ ಮಕ್ಕಳನ್ನು ಹಗಲು ಪೂರ್ತಿ ಸಾಕಿದವರು ಅಜ್ಜಿಯರೇ. ಆ ಮಗುವಿಗೆ ಒಮ್ಮೆಲೇ ಅಜ್ಜಿ ಇಲ್ಲದಂತಾದರೆ ಅದು ಎರಡನೇ ವಿಚ್ಛೇದನ.

ಶಾಲೆಗೆ ಒಂದು ಪತ್ರ ಕೊಡಿ: ಯಾರು ಯಾರು ಮಗುವನ್ನು ಕರೆದೊಯ್ಯಬಹುದು, ಪೋಷಕರ ಸಭೆಗೆ ಇಬ್ಬರಿಗೂ ಸೂಚನೆ ಹೋಗಬೇಕು ಅಂತ. ಆಪರೇಷನ್‌ಗೆ ಸಹಿ ಯಾರದು, ಶಾಲೆ ಬದಲಿಸುವಾಗ ಒಪ್ಪಿಗೆ ಯಾರದು, ಬೇರೆ ಊರಿಗೆ ಹೋಗಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಲ್ಲ ಬರೆಯಿರಿ. ಪಾಸ್‌ಪೋರ್ಟ್ ಮರೆಯಬೇಡಿ. ಮಗುವಿನ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರ ಘೋಷಣೆ ಕೇಳುತ್ತಾರೆ. ವಿದೇಶದಲ್ಲಿ ಇರುವ ಕನ್ನಡಿಗ ದಂಪತಿಗಳಿಗೆ ಇದು ಇನ್ನೂ ಮುಖ್ಯ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದಾಗ ವಾಪಸ್ ಕಳುಹಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಪ್ರಯಾಣದ ಷರತ್ತು ಕಾಗದದಲ್ಲೇ ಗಟ್ಟಿಯಾಗಿ ಇರಬೇಕು.

ಕೊನೆಗೆ ಒಂದು ಸಾಲು ಸೇರಿಸಿ: ಮಗುವಿಗೆ ಹತ್ತು ವರ್ಷ ತುಂಬಿದಾಗ ಇಬ್ಬರೂ ಕೂತು ಈ ಪುಟವನ್ನು ಮತ್ತೆ ನೋಡುವುದು ಅಂತ.

ಹೆಜ್ಜೆ 3: ದುಡ್ಡು, ಮನೆ, ಚಿನ್ನ

ಇಬ್ಬರ ಆದಾಯ, ಸಾಲ, ಆಸ್ತಿ ಮುಚ್ಚಿಡದೆ ಬರೆಯಿರಿ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಸ್ತಿ ಮತ್ತು ಸಾಲದ ಅಫಿಡವಿಟ್ಟಿನ ನಮೂನೆ ಕೊಟ್ಟಿದೆ. ಅದು ಜೀವನಾಂಶದ ಕೇಸುಗಳಿಗೆ ಮಾಡಿದ್ದು. ಆದರೆ ಒಪ್ಪಂದಕ್ಕೆ ಕೂರುವವರೂ ಅದನ್ನೇ ಎದುರಿಗಿಟ್ಟುಕೊಂಡು ತುಂಬಿದರೆ ಏನೂ ಬಿಟ್ಟುಹೋಗುವುದಿಲ್ಲ.

ಹೆಂಡತಿಗೆ ಜೀವನಾಂಶ ಒಂದೇ ಗಂಟಿನಲ್ಲಿ ಬರಲಿ, ಮಗುವಿನದು ತಿಂಗಳು ತಿಂಗಳು ಬರಲಿ. ಇದು ನನ್ನ ಅಭಿಪ್ರಾಯ. ಗಂಟು ಆದರೆ ಡಿಮ್ಯಾಂಡ್ ಡ್ರಾಫ್ಟನ್ನು ಕೊನೆಯ ದಿನ ಕೋರ್ಟಿನಲ್ಲೇ ಕೈಗೆ ತೆಗೆದುಕೊಳ್ಳಬಹುದು, ಪ್ರತಿ ತಿಂಗಳು ಕೇಳುವ ಸಂಕಟ ಇರುವುದಿಲ್ಲ. ಮಗುವಿನ ಖರ್ಚು ಹಾಗಲ್ಲ, ಬೆಳೆಯುತ್ತಾ ಹೋಗುತ್ತದೆ. ಪ್ರತಿ ಜೂನ್ ತಿಂಗಳಲ್ಲಿ ಶೇಕಡಾ ಎಷ್ಟು ಏರಬೇಕು ಅಂತ ಬರೆಯಿರಿ. ಶಾಲೆಯ ಫೀಸು ನೇರ ಶಾಲೆಗೇ ಹೋಗಲಿ. ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ ವರ್ಷಕ್ಕೆ ಯಾರು ಎಷ್ಟು ಕಟ್ಟಬೇಕು ಅನ್ನುವುದೂ ಇರಲಿ.

"ಮಗುವಿನ ಜೀವನಾಂಶವೂ ನನಗೆ ಬೇಡ" ಅಂತ ಸ್ವಾಭಿಮಾನದಲ್ಲಿ ಬರೆದುಕೊಡುವ ತಾಯಂದಿರನ್ನು ನೋಡಿದ್ದೇನೆ. ದಯವಿಟ್ಟು ಬರೆಯಬೇಡಿ. ಅದು ಮಗುವಿನ ಹಕ್ಕು. ಅದನ್ನು ಬಿಟ್ಟುಕೊಡೋಕೆ ಅಪ್ಪನಿಗೂ ಆಗಲ್ಲ, ಅಮ್ಮನಿಗೂ ಆಗಲ್ಲ.

ಮದುವೆಯಲ್ಲಿ ಹೆಣ್ಣಿಗೆ ಬಂದ ಚಿನ್ನ, ಉಡುಗೊರೆ ಸ್ತ್ರೀಧನ. ಅದು ಅವಳದೇ. ಗಂಡನಿಗಾಗಲಿ ಅತ್ತೆ ಮನೆಗಾಗಲಿ ಅದರ ಮೇಲೆ ಹಕ್ಕಿಲ್ಲ. ಲಾಕರಿನಲ್ಲಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ, ಪಟ್ಟಿ ಮಾಡಿ, ಸಹಿ ಹಾಕಿ ತೆಗೆದುಕೊಳ್ಳಿ.

ಮನೆ ವಿಷಯದಲ್ಲಿ ಬಹಳ ಜನ ಎಡವುವುದು ಎರಡು ಕಡೆ. ಮೊದಲನೆಯದು ಸಾಲ. ಜಂಟಿ ಗೃಹಸಾಲ ಇದ್ದರೆ "ಇನ್ನು ಮುಂದೆ ಗಂಡನೇ ಕಟ್ಟತಕ್ಕದ್ದು" ಅಂತ ಒಪ್ಪಂದದಲ್ಲಿ ಬರೆದರೂ ಬ್ಯಾಂಕಿಗೆ ಅದು ಸಂಬಂಧವಿಲ್ಲ. ಕಂತು ತಪ್ಪಿದರೆ ಇಬ್ಬರ ಮೇಲೂ ಬರುತ್ತದೆ, ಇಬ್ಬರ ಕ್ರೆಡಿಟ್ ಸ್ಕೋರೂ ಬೀಳುತ್ತದೆ. ತೀರ್ಪಿಗೆ ಮುಂಚೆಯೇ ಬ್ಯಾಂಕಿಗೆ ಹೋಗಿ ಸಾಲ ಒಬ್ಬರ ಹೆಸರಿಗೆ ಬದಲಾಗುತ್ತದೆಯೇ ಅಂತ ಲಿಖಿತವಾಗಿ ಕೇಳಿ. ಎರಡನೆಯದು ನೋಂದಣಿ. ಕರ್ನಾಟಕದಲ್ಲಿ ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ನಿಗದಿತ ಸಣ್ಣ ಮೊತ್ತದ ಸ್ಟಾಂಪ್ ಶುಲ್ಕ ಇದೆ, ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕಾಗಿಲ್ಲ. ವಿಚ್ಛೇದನ ಆದ ಮರುದಿನ ನೀವು ಗಂಡ ಹೆಂಡತಿ ಅಲ್ಲ. ಆದ್ದರಿಂದ ಮನೆ ಒಬ್ಬರ ಹೆಸರಿಗೆ ಹೋಗುವುದಿದ್ದರೆ ಅದನ್ನು ತೀರ್ಪಿಗೆ ಮುಂಚೆ ಮಾಡಿಕೊಳ್ಳುವುದೋ ಹೇಗೆ ಅಂತ ವಕೀಲರನ್ನು ಕೇಳಿ. ಇದೊಂದು ಪ್ರಶ್ನೆ ಲಕ್ಷಗಟ್ಟಲೆ ಉಳಿಸಬಹುದು.

ವರದಕ್ಷಿಣೆ ಕಿರುಕುಳದ ಕೇಸೋ ಇನ್ನಾವುದೋ ದೂರು ನಡೆಯುತ್ತಿದ್ದರೆ ಅದು ವಿಚ್ಛೇದನದ ಜೊತೆ ತಾನಾಗಿ ಮುಗಿಯುವುದಿಲ್ಲ. ಹೈಕೋರ್ಟಿನಲ್ಲಿ ರದ್ದು ಕೋರಿ ಬೇರೆ ಅರ್ಜಿ ಹಾಕಬೇಕು. ಯಾರು ಯಾವಾಗ ಸಹಕರಿಸಬೇಕು ಅನ್ನುವುದೂ ಒಪ್ಪಂದದಲ್ಲಿ ಇರಲಿ.

ಹೆಜ್ಜೆ 4: ಕೋರ್ಟಿನ ದಿನಗಳು

ಮದುವೆ ಆದ ಊರು, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರು, ಅಥವಾ ಹೆಂಡತಿ ಈಗ ಇರುವ ಊರು, ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಬೆಂಗಳೂರಿನವರಾದರೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡ. ಲಗ್ನಪತ್ರಿಕೆ, ಮದುವೆಯ ಫೋಟೊ, ನೋಂದಣಿ ಪತ್ರ ಇದ್ದರೆ ಅದು, ಇಬ್ಬರ ಆಧಾರ್, ಮಗುವಿನ ಜನನ ಪತ್ರ ಜೋಡಿಸಿಕೊಳ್ಳಿ.

ಕೋರ್ಟ್ ನಿಮ್ಮನ್ನು ಮಧ್ಯಸ್ಥಿಕೆಗೆ ಕಳುಹಿಸಬಹುದು. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಈ ಕೆಲಸ ಮಾಡುತ್ತಿದೆ. ಅದನ್ನು ಕಾಟಾಚಾರ ಅಂದುಕೊಳ್ಳಬೇಡಿ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸುವ ಹಾಗಿಲ್ಲ. ತಂಗಿ ಮತ್ತು ಅವಳ ಗಂಡ ಎರಡು ವರ್ಷದಲ್ಲಿ ಮೊದಲ ಸಲ ಎದುರು ಬದುರು ಕೂತು ಕೂಗಾಡದೆ ಮಾತಾಡಿದ್ದು ಅಂಥ ಒಂದು ಕೋಣೆಯಲ್ಲಿ. ಮಗುವಿನ ಪುಟದ ಯಾವ ಸಾಲಿನಲ್ಲಿ ನೀವು ಸಿಕ್ಕಿಹಾಕಿಕೊಂಡಿದ್ದೀರೋ ಅದನ್ನೇ ಅಲ್ಲಿ ಮೊದಲು ಎತ್ತಿ.

ತೀರ್ಪು ಬರುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಇದನ್ನು ತಿಳಿದೇ ಹಣ ಕೊಡುವ ಹಂತಗಳನ್ನು ಇಟ್ಟುಕೊಳ್ಳಿ: ಸ್ವಲ್ಪ ಮೊದಲ ದಿನ, ಉಳಿದದ್ದು ಕೊನೆಯ ದಿನ. ಪ್ರಕರಣದ ಸಿಎನ್‌ಆರ್ ಸಂಖ್ಯೆ, ಅಂದರೆ ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ, ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ದಿನಾಂಕ ನೀವೇ ನೋಡಬಹುದು. ಪ್ರತಿ ಸಲ ವಕೀಲರಿಗೆ ಫೋನ್ ಮಾಡಿ ಕಾಯಬೇಕಿಲ್ಲ.

ಒಬ್ಬರು ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಬಹುದು. ಅಲ್ಲೇ ವಿಚ್ಛೇದನ ತೆಗೆದುಕೊಂಡರೆ ಆಯಿತು ಅಂದುಕೊಂಡವರು 1991ರ ನರಸಿಂಹ ರಾವ್ ಪ್ರಕರಣ ನೆನಪಿಡಿ. ನಮ್ಮ ವಿವಾಹ ಕಾನೂನಿನಲ್ಲಿ ಇಲ್ಲದ ಕಾರಣಕ್ಕೆ, ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಪಡೆದ ವಿದೇಶಿ ವಿಚ್ಛೇದನ ಇಲ್ಲಿ ನಿಲ್ಲುವುದಿಲ್ಲ.

ಕೊನೆಯ ದಿನ ನ್ಯಾಯಾಧೀಶರು ಇಬ್ಬರನ್ನೂ ಕೇಳುತ್ತಾರೆ: ಯಾರ ಒತ್ತಡವೂ ಇಲ್ಲವೇ? ಉತ್ತರ ಹೇಳಿ ಹೊರಗೆ ಬರುವಷ್ಟರಲ್ಲಿ ಹತ್ತು ನಿಮಿಷ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಬೇಡ ಬೇಡ ಅಂದಿದ್ದ ತಂಗಿ, ಹೊರಗೆ ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡು ಅರ್ಧ ಗಂಟೆ ಬಿಡಲೇ ಇಲ್ಲ.

ತೀರ್ಪಿನ ದೃಢೀಕೃತ ಪ್ರತಿ ನಾಲ್ಕೈದು ತೆಗೆದುಕೊಳ್ಳಿ. ಒಂದು ಕಡೆ ಕೊಟ್ಟದ್ದು ವಾಪಸ್ ಬರುವವರೆಗೆ ಇನ್ನೊಂದು ಕೆಲಸ ನಿಲ್ಲಬಾರದು.

ಹೆಜ್ಜೆ 5: ಮುಂದಿನದನ್ನು ಯೋಚಿಸಿ

ಆರೋಗ್ಯ ವಿಮೆಯನ್ನು ಮಾತ್ರ ತೀರ್ಪಿಗೆ ಮುಂಚೆಯೇ ನೋಡಿ. ಗಂಡನ ಆಫೀಸಿನ ಗುಂಪು ವಿಮೆಯಲ್ಲಿ ಇದ್ದ ಹೆಂಡತಿ ವಿಚ್ಛೇದನದ ನಂತರ ಅದರಿಂದ ಹೊರಗೆ ಹೋಗುತ್ತಾಳೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಿಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯುವ ಅವಧಿ ಇರಬಹುದು. ಅದೇ ಕಂಪನಿಯಲ್ಲಿ ವೈಯಕ್ತಿಕ ಪಾಲಿಸಿಗೆ ಬದಲಾಗಲು ಆಗುತ್ತದೆಯೇ ಅಂತ ಕೇಳಿ. ಮಗು ಯಾರ ವಿಮೆಯಲ್ಲಿ ಅನ್ನುವುದನ್ನು ಮೊದಲ ಪುಟದಲ್ಲೇ ಬರೆಯಿರಿ.

ಆಮೇಲೆ ನಾಮಿನಿಗಳು. ಬ್ಯಾಂಕ್, ಇಪಿಎಫ್, ಎಲ್‌ಐಸಿ, ಮ್ಯೂಚುವಲ್ ಫಂಡ್, ಡಿಮ್ಯಾಟ್. ವಿಚ್ಛೇದನ ಆಯಿತೆಂದು ಖಾತೆಯಲ್ಲಿ ಹಳೆಯ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ನೀವೇ ಹೋಗಿ ಬದಲಿಸಬೇಕು. ಆದರೆ ನಾಮಿನಿ ಅಂದರೆ ವಾರಸುದಾರ ಅಂತ ಅಲ್ಲ. ಷೇರು, ಫಂಡುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನು ಮತ್ತೆ ಹೇಳಿದೆ. ಹಣ ನಿಜವಾಗಿ ಯಾರಿಗೆ ಸೇರಬೇಕು ಅನ್ನುವುದಕ್ಕೆ ವಿಲ್ ಬೇಕು.

ವಿಲ್ ಅಂದರೆ ಮುದುಕರ ಕೆಲಸ ಅಂತ ನಮ್ಮಲ್ಲಿ ಒಂದು ಭಾವನೆ. ಚಿಕ್ಕ ಮಗು ಇರುವ ಮೂವತ್ತೈದರ ತಾಯಿಗೆ ಅದು ಜಾಸ್ತಿ ಅಗತ್ಯ. ಬಿಳಿ ಹಾಳೆ ಸಾಕು. ನಿಮ್ಮ ಸಹಿ, ನಿಮ್ಮ ಎದುರಿಗೆ ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಹಳೆಯ ವಿಲ್‌ನಲ್ಲಿ ಮಾಜಿ ಗಂಡನ ಅಥವಾ ಹೆಂಡತಿಯ ಹೆಸರಿದ್ದರೆ ವಿಚ್ಛೇದನ ಆಯಿತೆಂದು ಅದು ರದ್ದಾಗಿದೆ ಅಂದುಕೊಳ್ಳಬೇಡಿ, ಹೊಸದು ಬರೆಯಿರಿ. ಇನ್ನೂ ಒಂದು: ತೀರ್ಪು ಬರುವವರೆಗೆ ಕಾನೂನಿನ ಕಣ್ಣಲ್ಲಿ ನೀವಿಬ್ಬರೂ ಗಂಡ ಹೆಂಡತಿಯೇ. ಆ ನಡುವೆ ಒಬ್ಬರಿಗೆ ಏನಾದರೂ ಆದರೆ, ವಿಲ್ ಇಲ್ಲದಿದ್ದರೆ, ಇನ್ನೊಬ್ಬರೂ ವಾರಸುದಾರರು. ಮಗು ಮಾತ್ರ ವಿಚ್ಛೇದನದ ಮುಂಚೆಯೂ ಆಮೇಲೂ ಇಬ್ಬರ ಆಸ್ತಿಗೂ ವಾರಸುದಾರನೇ.

ಒಬ್ಬರು ತೀರಿಕೊಂಡರೆ ಸಾಮಾನ್ಯವಾಗಿ ಉಳಿದವರೇ ಮಗುವಿನ ಪೋಷಕರಾಗುತ್ತಾರೆ. ಇಬ್ಬರೂ ಇಲ್ಲದಿದ್ದರೆ ಯಾರು? ಚಿಕ್ಕಮ್ಮನೋ, ದೊಡ್ಡಪ್ಪನೋ? ಅವರನ್ನು ಕೇಳಿ, ಒಪ್ಪಿಸಿ, ವಿಲ್‌ನಲ್ಲಿ ಹೆಸರು ಬರೆಯಿರಿ. ತಂಗಿ ನನ್ನ ಹೆಸರು ಬರೆದಿದ್ದಾಳೆ. ಅವಳ ಮಾಜಿ ಗಂಡನೂ ಅದಕ್ಕೆ ಸರಿ ಅಂದಿದ್ದಾನೆ.

ಮತ್ತೆ ಮೊದಲ ಪುಟ

ಗೇಟಿನ ಆ ಶನಿವಾರದ ನಂತರ ಇಬ್ಬರೂ ಮಗುವಿನ ಪುಟವನ್ನು ಹೊಸದಾಗಿ ಬರೆದರು. ಸುಪರ್ದಿ, ಭೇಟಿ, ಶಿಕ್ಷಣದ ಬಗೆಗಿನ ಆದೇಶವನ್ನು ತೀರ್ಪಿನ ಮೇಲೂ ಬದಲಿಸಲು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಅವಕಾಶ ಇದೆ. ಒಂದು ಅರ್ಜಿ ಹಾಕಿ ಹೊಸ ಪುಟವನ್ನು ಕೋರ್ಟಿನಲ್ಲಿ ದಾಖಲು ಮಾಡಿಸಿದರು. ಬಾಯಿಮಾತಿನಲ್ಲಿ ಬದಲಿಸಿಕೊಂಡರೆ, ಮುಂದೆ ಒಬ್ಬರು ತಪ್ಪಿದಾಗ ಕೋರ್ಟ್ ನೋಡುವುದು ಹಳೆಯ ಕಾಗದವನ್ನೇ.

ಈ ವರ್ಷ ಮಗಳಿಗೆ ಹತ್ತು ತುಂಬಿತು. ಹೇಳಿದಂತೆ ಮತ್ತೆ ಕೂತರು, ಈ ಸಲ ಅವಳೂ ಜೊತೆಗಿದ್ದಳು. ಶನಿವಾರ ಬೆಳಿಗ್ಗೆ ಅವಳಿಗೆ ಖೋಖೋ ಅಭ್ಯಾಸ ಇದೆಯಂತೆ. ಹಾಗಾಗಿ ಅಪ್ಪ ಬರುವುದು ಹತ್ತಕ್ಕೆ ಬೇಡ, ಹನ್ನೆರಡಕ್ಕೆ ಮೈದಾನಕ್ಕೇ ಬರಲಿ ಅಂದಳು. ತಂಗಿ ಅದನ್ನು ಅವಳ ಕೈಯಲ್ಲೇ ಬರೆಸಿದಳು.